ಉತ್ತ ಹೊಲದಲ್ಲಿ ದೊರೆತ ಸೀಟಿ

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿಯೂ ಹಳೆಯ ಕಾಲುದಾರಿಗಳ ಮಗ್ಗುಲಲ್ಲಿಯೂ ಲೋಹಶೋಧಕ ಯಂತ್ರವನ್ನು ಹಿಡಿದು ಅಲೆಯುವುದನ್ನೇ ಬಿಡುವಿನ ವ್ಯಸನವನ್ನಾಗಿ ಮಾಡಿಕೊಂಡಿರುವ ಜನರಿಗೆ ಚಿನ್ನ ಬೆಳ್ಳಿಗಳು ದೊರೆಯುವುದು ಅಪರೂಪ. ಅಂಗಿಯ ಗುಂಡಿ, ಸೀಸದ ಗುಂಡು, ಮುಖ ಸವೆದ ಪೆನ್ನಿ ನಾಣ್ಯ, ಇವೇ ಅವರ ನಿತ್ಯದ ಫಸಲು. ಇವುಗಳ ನಡುವೆ ಆಗೊಮ್ಮೆ ಈಗೊಮ್ಮೆ, ಹೊಟ್ಟೆಯ ತುಂಬ ಮಣ್ಣು ಕಟ್ಟಿಕೊಂಡು ಹಸಿರು ಕಿಲುಬು ಹಿಡಿದ, ಬೆರಳುದ್ದದ ಲೋಹದ ಸೀಟಿಯೊಂದು ಮೇಲೇಳುತ್ತದೆ. ಅದನ್ನು ಕಂಡ ಒಡನೆಯೇ ಶೋಧಕನ ಮನಸ್ಸು ಮೊದಲನೆಯ ಮಹಾಯುದ್ಧದ ಕಂದಕಕ್ಕೋ, ಮಂಜು ಮುಸುಕಿದ ಲಂಡನ್ನಿನ ಗಲ್ಲಿಯಲ್ಲಿ ಕೊಲೆಗಾರನ ಬೆನ್ನಟ್ಟಿದ ಪೋಲೀಸಿನವನ ಬಳಿಗೋ ಓಡುವುದು ಸಹಜವಾದರೂ, ಅಂತಹ ಸೀಟಿಯ ಕಾಲದೇಶಗಳನ್ನು ನಿಶ್ಚಯಿಸಿಕೊಡುವುದು ಸಾಮಾನ್ಯವಾಗಿ ಅದನ್ನು ಊದಿದವನ ಚರಿತ್ರೆಯಲ್ಲ, ಅದನ್ನು ಮಾಡಿದವನ ಮನೆಯ ನಂಬರು.

ಲೋಹದಲ್ಲಿ ಕೆತ್ತಿದ ಈ ವಿಳಾಸದ ವಿಷಯಕ್ಕೆ ಬರುವ ಮುನ್ನ ಸೀಟಿಯ ಆಕಾರವನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚಿನ ಸೀಟಿಗಳಲ್ಲಿ ಎರಡು ಕುಲಗಳು ಪ್ರಧಾನವಾದುವು. ಒಂದು, ಸುಮಾರು 3 ಅಂಗುಲದ ನೇರವಾದ ಕೊಳವೆ. ತುದಿಯಲ್ಲಿ ಸರಪಳಿಗೆಂದು ಬಳೆಯಿರುತ್ತದೆ, ಎರಡು ಪಕ್ಕಗಳಲ್ಲಿಯೂ ಗಾಳಿ ಹೊರಬೀಳುವ ಸೀಳುಗಂಡಿಗಳಿರುತ್ತವೆ. ಇನ್ನೊಂದು, ನಮ್ಮ ಆಟದ ಮೈದಾನಗಳಲ್ಲಿ ಇಂದಿಗೂ ಕಾಣುವ ಬಸವನಹುಳುವಿನ ಚಿಪ್ಪಿನ ಆಕಾರದ ಸೀಟಿ. ಅದರ ಹೊಟ್ಟೆಯಲ್ಲಿ ಉರುಳಾಡುವ ಬೆಂಡಿನ ಗುಂಡು ಗಾಳಿಯ ದಾರಿಯನ್ನು ಕ್ಷಣಕ್ಷಣಕ್ಕೂ ಅಡ್ಡಗಟ್ಟುವುದರಿಂದಲೇ ಅದರ ಧ್ವನಿಗೆ ಆ ಪರಿಚಿತವಾದ ಕಂಪನ ಬರುತ್ತದೆ. ಎರಡನ್ನೂ ಹಿತ್ತಾಳೆಯಲ್ಲಿ ಮಾಡಿ ಮೇಲೆ ನಿಕಲ್ ಲೇಪ ಕೊಡುವುದು ವಾಡಿಕೆಯಾಗಿತ್ತು. ಮಣ್ಣಿನಲ್ಲಿ ಹಲವು ದಶಕ ಬಿದ್ದಿದ್ದರೆ ಲೇಪವು ಚಕ್ಕೆಚಕ್ಕೆಯಾಗಿ ಎದ್ದು ಹೋಗಿ, ಬರಿದಾದ ಕಡೆ ಹಸಿರು, ಉಳಿದ ಕಡೆ ಮಂಕಾದ ಬೂದು ಬಣ್ಣ ಕಾಣುತ್ತದೆ. ಬೆಂಡಿನ ಗುಂಡಂತೂ ಎಂದೋ ಕೊಳೆತು ಮಣ್ಣಾಗಿರುತ್ತದೆ. ಆದುದರಿಂದ ಅಲುಗಿಸಿದಾಗ ಸದ್ದಿಲ್ಲವೆಂಬ ಕಾರಣಕ್ಕೆ ಗುಂಡೇ ಇಲ್ಲದ ಬಗೆಯ ಸೀಟಿಯೆಂದು ತೀರ್ಮಾನಿಸತಕ್ಕದ್ದಲ್ಲ.

ಈ ಎರಡು ಕುಲಗಳಿಗೂ ಮೂಲಪುರುಷನೆನ್ನಬಹುದಾದವನು ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1870ರಲ್ಲಿ ಸಣ್ಣ ಕಾರ್ಖಾನೆಯನ್ನು ಆರಂಭಿಸಿದ ಜೋಸೆಫ್ ಹಡ್ಸನ್ ಎಂಬ ಹತಾರ ಮಾಡುವ ಕಸುಬುದಾರ. ಆ ಕಾಲದಲ್ಲಿ ಲಂಡನ್ನಿನ ಪೋಲೀಸರು ರಾತ್ರಿಯ ಗಸ್ತಿನಲ್ಲಿ ನೆರವು ಕೂಗಬೇಕಾದಾಗ ಬಳಸುತ್ತಿದ್ದುದು, ಹಿಡಿಯನ್ನು ಹಿಡಿದು ಗಿರಗಿರನೆ ತಿರುಗಿಸಿದರೆ ಹಲ್ಲುಚಕ್ರಕ್ಕೆ ಮರದ ಪಟ್ಟಿ ಬಡಿದು ಕಟಕಟನೆ ಸದ್ದುಮಾಡುವ ದೊಡ್ಡ ಗಿಲಕಿಯನ್ನು. ಅದು ಭಾರವಾದುದು, ಕೈಯನ್ನು ಕಟ್ಟಿಹಾಕುವಂಥದು. ಅದರ ಸದ್ದೂ ಬಹಳ ದೂರ ಹೋಗುತ್ತಿರಲಿಲ್ಲ. 1883ರ ಸುಮಾರಿಗೆ ಹಡ್ಸನ್ ರೂಪಿಸಿದ ಕೊಳವೆಯ ಸೀಟಿಯಾದರೋ ಒಳಗೆ ಉದ್ದಕ್ಕೆ ಎರಡು ಕೋಣೆಗಳಾಗಿ ಸೀಳಿದ್ದು, ಆ ಕೋಣೆಗಳ ಅಳತೆಯಲ್ಲಿ ಸ್ವಲ್ಪವೇ ಭೇದವಿದ್ದುದರಿಂದ ಒಂದೇ ಉಸಿರಿಗೆ ಹತ್ತಿರಹತ್ತಿರದ ಎರಡು ಸ್ವರಗಳು ಹುಟ್ಟಿ, ಅವುಗಳ ಘರ್ಷಣೆಯಿಂದ ಕಿವಿಯನ್ನು ಚುಚ್ಚುವ ಅಪಸ್ವರವೊಂದು ಹೊರಡುತ್ತಿತ್ತು. ಕ್ಲ್ಯಾಪಮ್ ಕಾಮನ್ ಎಂಬ ಬಯಲಿನಲ್ಲಿ ಪರೀಕ್ಷಿಸಿದಾಗ ಇದು ಒಂದು ಮೈಲಿಗೂ ಮೀರಿ ಕೇಳಿಬಂದಿತೆಂದು ಪ್ರಸಿದ್ಧಿಯಿದೆ. ಹಡ್ಸನ್ ಪಿಟೀಲು ಬಾರಿಸುತ್ತಿದ್ದನೆಂದೂ, ಕೈಜಾರಿ ಬಿದ್ದ ಪಿಟೀಲಿನಿಂದ ಹೊರಟ ಕರ್ಕಶ ಧ್ವನಿಯೇ ಈ ಉಪಾಯವನ್ನು ಸೂಚಿಸಿತೆಂದೂ ಹೇಳುವುದುಂಟು. ಆವಿಷ್ಕಾರಗಳ ಬೆನ್ನಿಗೆ ಇಂತಹ ಕಥೆಗಳು ಹುಟ್ಟಿಕೊಳ್ಳುವುದು ಲೋಕರೂಢಿಯಾದುದರಿಂದ ಇದಕ್ಕೆ ನಾನು ಹೆಚ್ಚಿನ ಬೆಲೆ ಕೊಡಲಾರೆ. ಮಾರನೆಯ ವರ್ಷವೇ, ಅಂದರೆ 1884ರಲ್ಲಿ, ಅವನು ಗುಂಡಿನ ಸೀಟಿಯನ್ನು ‘ಆಕ್ಮೆ ಥಂಡರರ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದನು.

ಸೀಟಿಯು ಎಲ್ಲ ಪೋಲೀಸರ ಕೊರಳಿಗೂ ಒಮ್ಮೆಲೇ ಬರಲಿಲ್ಲ. 1888ರ ಸೆಪ್ಟೆಂಬರ್ 30ರ ನಡುರಾತ್ರಿ ಕಳೆದ ಮೇಲೆ ಲಂಡನ್ನಿನ ಮೈಟರ್ ಸ್ಕ್ವೇರ್ ಎಂಬ ಚೌಕದಲ್ಲಿ, ‘ಜಾಕ್ ದ ರಿಪ್ಪರ್’ ಎಂದು ಕುಖ್ಯಾತನಾದ ಕೊಲೆಗಾರನಿಗೆ ಬಲಿಯಾದ ಸ್ತ್ರೀಯೊಬ್ಬಳ ಶವವನ್ನು ಕಂಡ ಕಾನ್‌ಸ್ಟೇಬಲ್ ಎಡ್ವರ್ಡ್ ವಾಟ್ಕಿನ್ಸ್ ಲಂಡನ್ನಿನ ಎರಡು ಪೋಲೀಸ್ ದಳಗಳಲ್ಲಿ ‘ಸಿಟಿ’ ದಳಕ್ಕೆ ಸೇರಿದವನು. ಆ ದಳದವರು ಸೀಟಿ ಇಟ್ಟುಕೊಳ್ಳುತ್ತಿರಲಿಲ್ಲವೆಂದು ಅವನೇ ಶವತನಿಖೆಯಲ್ಲಿ ಸಾಕ್ಷ್ಯ ನುಡಿದಿದ್ದಾನೆ. ಅವನು ಓಡಿಹೋಗಿ ಕರೆದದ್ದು ಚೌಕದ ಮಗ್ಗುಲಲ್ಲಿದ್ದ ಗೋದಾಮಿನ ರಾತ್ರಿ ಕಾವಲುಗಾರ ಜಾರ್ಜ್ ಮಾರಿಸ್‌ನನ್ನು. ಈ ಮಾರಿಸ್ ಇನ್ನೊಂದು ದಳವಾದ ಮೆಟ್ರೊಪಾಲಿಟನ್ ಪೋಲೀಸಿನಿಂದ ನಿವೃತ್ತನಾದವನು. ಅವನ ಬಳಿ ಸೀಟಿಯಿತ್ತು. ಅವನೇ ದೀಪ ಹಿಡಿದು ಬೀದಿಗೆ ಓಡಿ, ಸೀಟಿ ಊದಿ, ಕೆಲಸದಲ್ಲಿದ್ದ ಪೋಲೀಸರನ್ನು ಕೂಡಿಸಿದನು. ಪೋಲೀಸಿನವನಲ್ಲದವನ ಜೇಬಿನಲ್ಲಿಯೂ ಪೋಲೀಸ್ ಸೀಟಿ ಇರಬಹುದಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಹೊಲದಲ್ಲಿ ಸಿಕ್ಕಿದ ಸೀಟಿಯ ಮೇಲೆ ‘ದಿ ಮೆಟ್ರೊಪಾಲಿಟನ್’ ಎಂಬ ಅಕ್ಷರಗಳನ್ನು ಕಂಡು ಹಿಗ್ಗುವವರು ಇನ್ನೊಂದನ್ನೂ ನೆನಪಿಡಬೇಕು: ಹಡ್ಸನ್ ಆ ಹೆಸರನ್ನು ಮಾರಾಟದ ಗುರುತಾಗಿಯೇ ಬಳಸಿ, ಯಾರು ಕಾಸು ಕೊಟ್ಟರೂ ಅವರಿಗೆ ಮಾರಿದನು.

ಹಾಗಾದರೆ ನಂಬತಕ್ಕದ್ದು ಯಾವುದನ್ನು? ನಾನು ಹೇಳಿದ ಮನೆಯ ನಂಬರನ್ನು. ಹಡ್ಸನ್ನನ ಕಾರ್ಖಾನೆ 1880ರ ದಶಕದ ಮೊದಲ ಭಾಗದಲ್ಲಿ ಬಕಿಂಗ್‌ಹ್ಯಾಮ್ ಸ್ಟ್ರೀಟಿನಲ್ಲಿದ್ದು, ಆ ದಶಕದ ನಡುವಿನಲ್ಲಿ ಬಾರ್ ಸ್ಟ್ರೀಟಿನ 131ನೆಯ ನಂಬರಿಗೂ, ದಶಕ ಮುಗಿಯುವುದರೊಳಗೆ ಅದೇ ಬೀದಿಯ 13ನೆಯ ನಂಬರಿಗೂ, 1909ರಲ್ಲಿ 244ನೆಯ ನಂಬರಿಗೂ ಬದಲಾಯಿತು. ಬದಲಾದಾಗಲೆಲ್ಲ ಸೀಟಿಯ ಮೇಲಿನ ಅಚ್ಚೂ ಬದಲಾಯಿತು. ಹೀಗಾಗಿ ಕಿಲುಬಿನ ಕೆಳಗೆ ‘13’ ಎಂಬ ಎರಡು ಅಂಕಿಗಳು ಮಾತ್ರ ಓದಲು ಬಂದರೂ ಸಾಕು, ಮಹಾಯುದ್ಧದ ಕಥೆ ಅಲ್ಲಿಗೇ ಕೈಬಿಡಬೇಕಾಗುತ್ತದೆ. ಯುದ್ಧಕ್ಕೆಂದು ಹೊಸದಾಗಿ ಮಾಡಿದ ಸೀಟಿ ಅದಾಗಿರಲಾರದು. ಆದರೆ ‘13’ರ ಮುಂದೆ ಅಳಿಸಿಹೋದ ‘1’ ಒಂದು ಇದ್ದಿತೋ ಎಂಬುದನ್ನು ಮಸೂರವಿಟ್ಟು ನೋಡದೆ ಮುಂದುವರಿಯಬಾರದು. ರಾಜರ ಆಳ್ವಿಕೆಯ ವರ್ಷಗಳಿಂದ ಶಾಸನಗಳ ಕಾಲವನ್ನು ಲೆಕ್ಕಹಾಕಿ ರೂಢಿಯಾಗಿರುವ ನಮಗೆ, ಒಬ್ಬ ಕಸುಬುದಾರ ಮನೆ ಬದಲಿಸಿದ ವರ್ಷಗಳಿಂದ ಕಾಲವನ್ನು ಅಳೆಯುವ ಈ ಕ್ರಮ ವಿನೋದವಾಗಿ ಕಂಡರೂ, ಪ್ರಮಾಣವಾಗಿ ಅದು ಶಾಸನಕ್ಕಿಂತ ಕೀಳೇನೂ ಅಲ್ಲ.

ರೈಲ್ವೆಯ ಸೀಟಿಗಳ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ಬ್ರಿಟನ್ನಿನ ಅನೇಕ ರೈಲು ಕಂಪನಿಗಳು 1923ರಲ್ಲಿ ನಾಲ್ಕು ದೊಡ್ಡ ಕಂಪನಿಗಳಾಗಿ ಒಗ್ಗೂಡಿ, 1948ರ ಆರಂಭದಲ್ಲಿ ರಾಷ್ಟ್ರದ ಸ್ವತ್ತಾದುವು. ಆದುದರಿಂದ ಆ ನಾಲ್ಕರಲ್ಲಿ ಒಂದರ ಗುರುತಾದ ‘ಎಲ್.ಎಂ.ಎಸ್.’ ಎಂಬ ಅಕ್ಷರಗಳುಳ್ಳ ಗಾರ್ಡಿನ ಸೀಟಿ ಈ ಎರಡು ಎಲ್ಲೆಗಳ ನಡುವಿನದೇ ಆಗಿರಬೇಕು. ಇದೇ ನ್ಯಾಯ ನಮ್ಮಲ್ಲಿಗೂ ಸಲ್ಲುತ್ತದೆ: ಹುಬ್ಬಳ್ಳಿಯನ್ನು ಹಾದುಹೋದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯು 1908ರಲ್ಲಿ ಹುಟ್ಟಿ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾದುದರಿಂದ, ಅದರ ಅಕ್ಷರಗಳನ್ನು ಹೊತ್ತ ಯಾವ ಪದಾರ್ಥವೂ ಆ ಅವಧಿಯ ಆಚೆಗೆ ಹೋಗಲಾರದು.

ಯುದ್ಧದ ಸೀಟಿಗಳು ಇಲ್ಲವೆಂದೇನೂ ಅಲ್ಲ. 1916ರ ಜುಲೈ 1ರಂದು ಬೆಳಿಗ್ಗೆ 7.30ಕ್ಕೆ ಸೋಮ್ ನದಿಯ ಪ್ರಾಂತದಲ್ಲಿ ಬ್ರಿಟಿಷ್ ಅಧಿಕಾರಿಗಳು ಊದಿದ್ದು ಇದೇ ಕೊಳವೆಯ ಸೀಟಿಗಳನ್ನು. ಆ ಸದ್ದಿಗೆ ಕಂದಕ ಹತ್ತಿ ಹೊರಟ ಸೈನ್ಯದಲ್ಲಿ ಅಂದೊಂದೇ ದಿನ 19,240 ಮಂದಿ ಮಡಿದರು. ಸೈನ್ಯಕ್ಕೆ ಸರಬರಾಜಾದ ಸೀಟಿಗಳ ಮೇಲೆ ಅನೇಕ ವೇಳೆ ಇಸವಿಯನ್ನೇ ಅಚ್ಚುಹಾಕಿರುತ್ತಾರೆ. ಸರ್ಕಾರದ ಸ್ವತ್ತೆಂದು ಸೂಚಿಸುವ ಬಾಣದ ಗುರುತೂ ಕೆಲವುದರ ಮೇಲಿರುತ್ತದೆ. ಇವೆರಡೂ ಇಲ್ಲದ ಸೀಟಿಯನ್ನು ಕಂದಕದ ಸೀಟಿಯೆಂದು ಕರೆಯುವವರು ಸಾಕ್ಷ್ಯವಿಲ್ಲದೆ ತೀರ್ಪು ಕೊಡುತ್ತಿದ್ದಾರೆ. ಎರಡನೆಯ ಮಹಾಯುದ್ಧದ ‘ಎ.ಆರ್.ಪಿ.’ ಎಂಬ ಅಚ್ಚಿನ ಸೀಟಿಗಳು ವಾಯುದಾಳಿಯ ಕಾಲದಲ್ಲಿ ಬೀದಿ ಕಾಯುತ್ತಿದ್ದ ವಾರ್ಡನ್ನರವು. ಇಲ್ಲಿ ಚರಿತ್ರೆ ಒಂದು ಕುಚೋದ್ಯವನ್ನು ಮಾಡಿದೆ. ಬಾಂಬಿನ ಎಚ್ಚರಿಕೆಗೆ ಸೀಟಿಯನ್ನು ಗೊತ್ತುಮಾಡಿದ ಅಧಿಕಾರಿಗಳು, ವಿಷಾನಿಲದ ಎಚ್ಚರಿಕೆಗೆ ಬೇರೆಯ ಸದ್ದೊಂದು ಬೇಕೆಂದು, ಹಡ್ಸನ್ನನ ಸೀಟಿ ಆರು ದಶಕಗಳ ಹಿಂದೆ ಮೂಲೆಗೆ ತಳ್ಳಿದ್ದ ಮರದ ಗಿಲಕಿಯ ಬಗೆಯದನ್ನೇ ಮರಳಿ ವಾರ್ಡನ್ನನ ಕೈಗಿತ್ತರು. ವಿಷಾನಿಲದ ದಾಳಿ ನಡೆಯಲೇ ಇಲ್ಲವಾದುದರಿಂದ ಗಿಲಕಿಗೆ ಕೆಲಸ ಬೀಳಲಿಲ್ಲ.

ಇಷ್ಟೆಲ್ಲವನ್ನೂ ವಿಚಾರಿಸಿ ತಿಳಿಯುವ ಹೊರೆ ಇಂಗ್ಲೆಂಡಿನಲ್ಲಿ ಹವ್ಯಾಸಿಗಳ ಮೇಲೆಯೇ ಬಿದ್ದಿದೆ. ಏಕೆಂದರೆ ಅಲ್ಲಿ ಭೂಗತ ವಸ್ತುಗಳನ್ನು ದಾಖಲೆಮಾಡುವ ಸಾರ್ವಜನಿಕ ಯೋಜನೆಯು ಮುಖ್ಯವಾಗಿ 300 ವರ್ಷಕ್ಕೆ ಮೀರಿದ ಪದಾರ್ಥಗಳಿಗೆ ಮೀಸಲು, ಹಡ್ಸನ್ನನ ಸೀಟಿ ಅದಕ್ಕೆ ತೀರ ಎಳೆಯದು. ನಮ್ಮ ದೇಶದಲ್ಲಿ ಸ್ಥಿತಿ ಬೇರೆ. 1878ರ ನಿಕ್ಷೇಪ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ ವಸ್ತುವಿನ ಬೆಲೆ 10 ರೂಪಾಯಿಗೆ ಮೀರಿದರೆ ಕಂಡುಹಿಡಿದವನು ಕಲೆಕ್ಟರಿಗೆ ತಿಳಿಸಬೇಕು; ಯಂತ್ರ ಹಿಡಿದು ಹಂಪೆಯ ಬಯಲಿನಲ್ಲಿ ಅಲೆಯುವ ಹವ್ಯಾಸವನ್ನು ನಾನು ಯಾರಿಗೂ ಬೋಧಿಸುವುದಿಲ್ಲ. ಅದರ ಅವಶ್ಯಕತೆಯೂ ಇಲ್ಲ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಏರ್ಪಟ್ಟುದು ಬೆಂಗಳೂರಿನಲ್ಲಿ; ಗಾರ್ಡು, ಪೋಲೀಸು, ಡ್ರಿಲ್ ಮೇಷ್ಟ್ರು ಇಲ್ಲದ ಊರು ನಮ್ಮಲ್ಲಿ ಕಡಿಮೆ. ಇಂಥವರ ಮನೆಗಳ ಟ್ರಂಕುಗಳಲ್ಲಿ ಹಳೆಯ ಸೀಟಿಗಳು ಇನ್ನೂ ಬಿದ್ದಿರಬಹುದು. ಅಂತಹದೊಂದು ಕೈಗೆ ಬಂದರೆ, ದೇವರ ಪಾತ್ರೆಯನ್ನು ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ; ಉಜ್ಜಿದರೆ ಮೊದಲು ಸವೆಯುವುದು ಆ ಅಚ್ಚಿನ ಅಂಕಿಗಳೇ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಓರೆ ಬೆಳಕಿನಲ್ಲಿ ಹಿಡಿದು, ಬೀದಿಯ ಹೆಸರನ್ನೂ ನಂಬರನ್ನೂ ಮೊದಲು ಒಂದು ಚೀಟಿಯ ಮೇಲೆ ಬರೆದಿಟ್ಟುಕೊಳ್ಳಿ.