ಫಿಲಿಪಿನೋ ತತ್ತ್ವಶಾಸ್ತ್ರ: ಇದೆಯೇ, ಇಲ್ಲವೇ?

ಮನಿಲಾದ ಸಾಂತೋ ತೋಮಾಸ್ ವಿಶ್ವವಿದ್ಯಾಲಯ ಶುರುವಾದದ್ದು 1611ರಲ್ಲಿ. ಫಿಲಿಪೀನ್ಸಿನಲ್ಲಿ ತತ್ತ್ವಶಾಸ್ತ್ರದ ಪಾಠ ಅಷ್ಟು ಹಳೆಯದು. ಮೊದಲು ಲ್ಯಾಟಿನ್, ಸ್ಪ್ಯಾನಿಷ್‌ಗಳಲ್ಲಿ. ಅಮೆರಿಕದ ಆಳ್ವಿಕೆ ಬಂದ ಮೇಲೆ ಇಂಗ್ಲಿಷಿನಲ್ಲಿ. ಪಾಠದ ವಸ್ತು ಮಾತ್ರ ಹೆಚ್ಚಾಗಿ ಯುರೋಪಿನದೇ. ಹಾಗಾಗಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಅಧ್ಯಾಪಕರಲ್ಲಿ ಒಂದು ಪ್ರಶ್ನೆ ಎದ್ದಿತು: ನಮ್ಮದೆನ್ನುವ ತತ್ತ್ವಶಾಸ್ತ್ರ ಒಂದಿದೆಯೇ?

ಇದೆ ಎಂದವರಲ್ಲಿ ಮುಖ್ಯರು ಪಾದ್ರಿ ಲಿಯೊನಾರ್ಡೊ ಮರ್ಕಾಡೊ. ಗ್ರಂಥಗಳಿಲ್ಲದಿದ್ದರೇನು, ಜನರ ಮಾತಿದೆಯಲ್ಲ ಎಂಬುದು 1974ರ ಅವರ ಪುಸ್ತಕದ ದಾರಿ. ತಗಲಾಗ್‌ನ ‘ಲೊಓಬ್’, ಬಿಸಾಯದ ‘ಬುಓತ್’, ಇಲೊಕಾನೊದ ‘ನಕೆಮ್’ ಪದಗಳನ್ನು ಅಕ್ಕಪಕ್ಕ ಇಟ್ಟು ಅವರು ನೋಡಿದರು. ಲೊಓಬ್ ಎಂದರೆ ಒಳಗು. ಮನೆಯ ಒಳಗೂ ಅದೇ, ಮನುಷ್ಯನ ಒಳಗೂ ಅದೇ. ಉಪಕಾರ ಪಡೆದವರ ಮೇಲಿರುವುದು ‘ಉತಾಂಗ್ ನ ಲೊಓಬ್’, ಒಳಗಿನ ಸಾಲ. ನಾವು ‘ನಿಮ್ಮ ಋಣ ತೀರಿಸಲಾರೆ’ ಎನ್ನುವಾಗಿನ ಋಣಕ್ಕೆ ಇದು ಹತ್ತಿರ.

ರೊಲಾಂಡೊ ಗ್ರಿಪಾಲ್ಡೊ ಇದನ್ನು ಒಪ್ಪಲಿಲ್ಲ. ಜನಪದದ ಲೋಕದೃಷ್ಟಿ ಬೇರೆ, ತತ್ತ್ವಶಾಸ್ತ್ರ ಬೇರೆ. ತತ್ತ್ವವನ್ನು ಮಂಡಿಸುವವರು ಬಿಡಿ ಚಿಂತಕರು ಎಂಬುದು ಅವರ ನಿಲುವು. ಅದಕ್ಕೇ ಅವರು ಕ್ರಾಂತಿಕಾರಿ ಎಮಿಲಿಯೊ ಹಸಿಂಟೊನಂಥವರ ಬರಹಗಳತ್ತ ಹೋದರು. ಆಕ್ಷೇಪದಲ್ಲಿ ಹುರುಳಿದೆ. ಗಾದೆಯ ಜೊತೆ ವಾದಕ್ಕೆ ನಿಲ್ಲುವುದು ಹೇಗೆ? ಇಡೀ ಜನಾಂಗ ಒಂದೇ ರೀತಿ ಯೋಚಿಸುತ್ತದೆ ಎನ್ನಲು ಯಾರಿಗೆ ಅಧಿಕಾರವಿದೆ?

‘ನಮ್ಮದೇ’ ಎಂಬ ಮಾತೂ ಸಡಿಲವಾದದ್ದು. ತಗಲಾಗ್‌ನಲ್ಲಿ ಶಿಕ್ಷಕರಿಗೆ ‘ಗುರೊ’, ಮುಖಕ್ಕೆ ‘ಮುಖಾ’, ಆತ್ಮಸಾಕ್ಷಿಗೆ ‘ಬುಧಿ’ ಎನ್ನುತ್ತಾರೆ. ಸಂಸ್ಕೃತದ ಈ ಪದಗಳು ಸ್ಪೇನಿನವರಿಗಿಂತ ಮೊದಲೇ ಕಡಲು ದಾಟಿದ್ದವು. ಬುದ್ಧಿ ಅಲ್ಲಿ ಆತ್ಮಸಾಕ್ಷಿಯಾಯಿತು. ಸ್ವಂತಿಕೆ ಇರುವುದು ಪದದ ಮೂಲದಲ್ಲಲ್ಲ, ಆ ಪದದಿಂದ ಜನ ಮಾಡಿಕೊಂಡದ್ದರಲ್ಲಿ.

ನನಗೆ ಹತ್ತಿರವಾದವರು ಜೆಸ್ವಿಟ್ ಪಾದ್ರಿ ರೋಕೆ ಫೆರಿಯೋಲ್ಸ್. 1969ರಲ್ಲಿ ಅವರು ಅತೆನಿಯೊ ದೆ ಮನಿಲಾದಲ್ಲಿ ಫಿಲಿಪಿನೋ ಭಾಷೆಯಲ್ಲೇ ತತ್ತ್ವಶಾಸ್ತ್ರ ಕಲಿಸಲು ತೊಡಗಿದರು. ‘ಫಿಲಿಪಿನೋ ತತ್ತ್ವಶಾಸ್ತ್ರ’ ಎಂಬ ಹಣೆಪಟ್ಟಿಗಿಂತ ಆ ನುಡಿಯಲ್ಲಿ ಯೋಚಿಸುವುದೇ ಅವರಿಗೆ ಮುಖ್ಯವಾಗಿತ್ತು. ‘ಸತ್’ ಎಂಬ ಭಾರದ ಪರಿಕಲ್ಪನೆಗೆ ಅವರು ಬಳಸಿದ್ದು ‘ಮೆರೊನ್’. ಹಾಗೆಂದರೆ ‘ಇದೆ’. ಅಂಗಡಿಯಲ್ಲಿ ಅಕ್ಕಿ ಇದೆಯೇ ಎಂದು ಕೇಳುವಾಗಲೂ ಅದೇ ಪದ.

ನನ್ನ ಪ್ರಬಂಧ ಇಂಗ್ಲಿಷಿನಲ್ಲಿದೆ. ಅದರಲ್ಲೇನಿದೆ ಎಂದು ಅಮ್ಮ ಕೇಳಿದಾಗಲೆಲ್ಲ ತೊದಲಿದ್ದೇನೆ. ಫೆರಿಯೋಲ್ಸರನ್ನು ಓದಿದ ಮೇಲೆ, ಪ್ರತಿ ಅಧ್ಯಾಯದ ಸಾರವನ್ನು ಮೊದಲು ಕನ್ನಡದಲ್ಲಿ ಬರೆಯತೊಡಗಿದ್ದೇನೆ. ಎರಡು ಅಧ್ಯಾಯಗಳಲ್ಲಿ ನನಗೇ ಏನೂ ಅರ್ಥವಾಗಿರಲಿಲ್ಲವೆಂದು ಆಗ ಗೊತ್ತಾಯಿತು.