ಗೆಲುವಿನ ಪಟ್ಟಿಯಲ್ಲಿ ಕಾಣದ ಕೆಲಸ

1985ರ ಅಕ್ಟೋಬರ್ 5ರಂದು ಡಲ್ಲಾಸ್ ನಗರದ ಕಾಟನ್ ಬೌಲ್ ಮೈದಾನದಲ್ಲಿ ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದ ತಂಡ ಪ್ರೈರಿ ವ್ಯೂ ತಂಡವನ್ನು 27-7ರಿಂದ ಸೋಲಿಸಿತು. ಕೋಚ್ ಎಡ್ಡಿ ರಾಬಿನ್ಸನ್ ಅವರಿಗೆ ಅದು 324ನೇ ಗೆಲುವು. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಅಲ್ಲಿಯವರೆಗೆ ಅಷ್ಟು ಪಂದ್ಯ ಗೆಲ್ಲಿಸಿದ ಕೋಚ್ ಇನ್ನೊಬ್ಬರಿರಲಿಲ್ಲ. ಆ ದಾಖಲೆ ಹಿಂದೆ ಇದ್ದದ್ದು ಅಲಬಾಮಾದ ಪಾಲ್ 'ಬೇರ್' ಬ್ರಯಂಟ್ ಅವರ ಕೈಯಲ್ಲಿ. ಬ್ರಯಂಟ್ ಅದನ್ನು 1981ರಲ್ಲಿ ಅಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ಹಳೆಯ ಕಾಲದ ಕೋಚ್‌ನಿಂದ ಪಡೆದಿದ್ದರು. ರಾಬಿನ್ಸನ್ ಅವರನ್ನು 2003ರಲ್ಲಿ ಹಿಂದೆ ಹಾಕಿದವರು ಮಿನ್ನೆಸೋಟದ ಜಾನ್ ಗಲಾರ್ಡಿ.

ಈ ನಾಲ್ವರೂ ತಾವು ಆಟ ಕಲಿಸುವುದಷ್ಟೇ ಅಲ್ಲ, ಹುಡುಗರನ್ನು ಮನುಷ್ಯರನ್ನಾಗಿ ಮಾಡುತ್ತೇವೆ ಎಂದೇ ನಂಬಿದವರು. ಆದರೆ ಒಬ್ಬರ ದಾರಿ ಇನ್ನೊಬ್ಬರಿಗೆ ಹಿಡಿಸುವಂಥದ್ದಲ್ಲ. ಒಬ್ಬರು ನೀರು ಕೊಡದೆ ಗಟ್ಟಿ ಮಾಡಲು ಹೋದರೆ, ಇನ್ನೊಬ್ಬರು ಸೊಳ್ಳೆ ಕಚ್ಚುತ್ತಿದೆ ಎಂದು ಅಭ್ಯಾಸವನ್ನೇ ಮೊಟಕುಗೊಳಿಸುತ್ತಿದ್ದರು.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಅಡ್ಡಗಟ್ಟಿ ನೆಲಕ್ಕೆ ಕೆಡಹುವ ಆಟ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದು ಅಮೆರಿಕದ ಕಾಲೇಜುಗಳನ್ನು ಆವರಿಸಿಕೊಂಡಾಗ ವಿದ್ಯಾರ್ಥಿಗಳು ಸಾಯುತ್ತಿದ್ದರು. 1905ರ ಒಂದೇ ಋತುವಿನಲ್ಲಿ ಕನಿಷ್ಠ 18 ಜನ ಸತ್ತರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೇ ಕರೆಸಿಕೊಂಡು ಆಟವನ್ನು ಸರಿಪಡಿಸಿ ಎಂದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಬಂತು. ಇಷ್ಟು ಅಪಾಯದ ಆಟವನ್ನು ಕಾಲೇಜಿನಲ್ಲಿ ಏಕೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಆಗ ಸಿಕ್ಕ ಉತ್ತರ, ಇದು ಶೀಲವನ್ನು ಬೆಳೆಸುತ್ತದೆ ಎಂಬುದು. ಆ ಉತ್ತರಕ್ಕೆ ಜೀವ ತುಂಬಿದವರಲ್ಲಿ ಸ್ಟ್ಯಾಗ್ ಮುಖ್ಯರು.

ಯೇಲ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಸ್ಟ್ಯಾಗ್, ಚರ್ಚಿನ ವೇದಿಕೆಗಿಂತ ಮೈದಾನವೇ ತನಗೆ ಸರಿ ಎಂದುಕೊಂಡು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಹೋದರು. ಅಲ್ಲಿ ಅವರ ತಂಡದಲ್ಲಿ ಆಡಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. ಅದೇ ಶಾಲೆಯಲ್ಲಿ ಕಲಿತ ಎಚ್.ಸಿ. ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಕಟ್ಟಿದರು. ದಕ್ಷಿಣ ಭಾರತದ ಎಷ್ಟೋ ಪಿ.ಟಿ. ಮೇಷ್ಟ್ರುಗಳ ಗುರುಪರಂಪರೆ ಹೀಗೆ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಮುಟ್ಟುತ್ತದೆ.

1892ರಲ್ಲಿ ಹೊಸದಾಗಿ ತೆರೆದ ಷಿಕಾಗೊ ವಿಶ್ವವಿದ್ಯಾಲಯ ಸ್ಟ್ಯಾಗ್ ಅವರನ್ನು ಬರೀ ತರಬೇತುದಾರನಾಗಿ ಅಲ್ಲ, ಅಧ್ಯಾಪಕ ವರ್ಗದ ಕಾಯಂ ಸದಸ್ಯನಾಗಿಯೇ ಸೇರಿಸಿಕೊಂಡಿತು. ಕೋಚ್ ಎಂದರೆ ಮೇಷ್ಟ್ರು ಎಂಬ ಸ್ಥಾನ ಗಟ್ಟಿಯಾದದ್ದು ಇಂಥ ನೇಮಕಗಳಿಂದ. ಸ್ಟ್ಯಾಗ್ ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ. ವಿಪರೀತ ಸಿಟ್ಟು ಬಂದರೆ ಆಟಗಾರನನ್ನು 'ಕತ್ತೆ' ಎನ್ನುತ್ತಿದ್ದರು, ಅವರ ಬೈಗುಳದ ಕೋಶ ಅಲ್ಲಿಗೆ ಮುಗಿಯಿತು. ಎಪ್ಪತ್ತು ವರ್ಷವಾಯಿತೆಂದು ಷಿಕಾಗೊ ನಿವೃತ್ತಿ ಕೊಟ್ಟರೆ, ಕ್ಯಾಲಿಫೋರ್ನಿಯಾದ ಇನ್ನೊಂದು ಕಾಲೇಜಿಗೆ ಹೋಗಿ 1946ರವರೆಗೂ ಕೋಚ್ ಆಗಿದ್ದರು. ಷಿಕಾಗೊ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. 1942ರಲ್ಲಿ ಮನುಷ್ಯ ನಡೆಸಿದ ಮೊದಲ ಪರಮಾಣು ಸರಣಿ ಕ್ರಿಯೆ ನಡೆದದ್ದು ಸ್ಟ್ಯಾಗ್ ಹೆಸರಿನ ಆ ಪಾಳು ಕ್ರೀಡಾಂಗಣದ ಗ್ಯಾಲರಿಯ ಕೆಳಗೆ.

ಬ್ರಯಂಟ್ ಅವರದು ಬೇರೆಯೇ ಕಥೆ. 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ಕಾಲೇಜಿಗೆ ಬಂದ ಅವರು, ತಂಡವನ್ನು ಜಂಕ್ಷನ್ ಎಂಬ ಸಣ್ಣ ಊರಿಗೆ ಕರೆದೊಯ್ದರು. ಸೆಪ್ಟೆಂಬರ್ ತಿಂಗಳು, ಬರಗಾಲ, ಹುಲ್ಲು ಕಾಣದ ಕಲ್ಲುಮುಳ್ಳಿನ ನೆಲ. ಬೆಳಕು ಹರಿಯುವ ಮೊದಲೇ ಶುರುವಾದ ಅಭ್ಯಾಸದಲ್ಲಿ ಕುಡಿಯಲು ನೀರಿಲ್ಲ. ಬಾಯಾರಿಕೆಯನ್ನು ತಡೆದುಕೊಳ್ಳುವುದೂ ಗಂಡಸುತನದ ಪಾಠ ಎಂಬ ನಂಬಿಕೆ ಆಗ ಬ್ರಯಂಟ್ ಒಬ್ಬರದೇ ಆಗಿರಲಿಲ್ಲ. ರಾತ್ರೋರಾತ್ರಿ ಹುಡುಗರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಓಡಿದರು. ಸುಮಾರು ನೂರು ಜನರಲ್ಲಿ ಕೊನೆಗೆ ಉಳಿದವರು ಮೂವತ್ತೈದರ ಆಸುಪಾಸು. ಹೋಗುವಾಗ ಎರಡು ಬಸ್ಸು, ಬರುವಾಗ ಒಂದು ಎಂಬ ಮಾತು ಆ ಶಿಬಿರದಿಂದಲೇ ಹುಟ್ಟಿದ್ದು.

ಆ ವರ್ಷ ಅವರು ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಒಂಬತ್ತು. 1956ರಲ್ಲಿ ಮಾತ್ರ ಅದೇ ಕಾಲೇಜು ಒಂದನ್ನೂ ಸೋಲದೆ ತನ್ನ ಸಂಘದ ಪ್ರಶಸ್ತಿ ಗೆದ್ದಿತು. ಜಂಕ್ಷನ್ ದಂತಕಥೆಯಾದದ್ದು ಆಮೇಲೆ. ಓಡಿಹೋದ ಅರವತ್ತು ಚಿಲ್ಲರೆ ಹುಡುಗರ ನಡತೆಯ ಬಗ್ಗೆ ದಂತಕಥೆ ಮಾತಾಡುವುದಿಲ್ಲ. ಒಬ್ಬನಂತೂ ಬಿಸಿಲಿನ ಹೊಡೆತಕ್ಕೆ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದ. 1979ರಲ್ಲಿ ಶಿಬಿರದವರು ಮತ್ತೆ ಅಲ್ಲೇ ಸೇರಿದಾಗ ಬ್ರಯಂಟ್ ತಮ್ಮ ಹಳೆಯ ಹುಡುಗರ ಕ್ಷಮೆ ಕೇಳಿದರು ಎಂದು ಅಲ್ಲಿದ್ದವರು ನೆನೆಯುತ್ತಾರೆ.

ಗ್ರ್ಯಾಂಬ್ಲಿಂಗ್‌ನಲ್ಲಿ ಕಷ್ಟವನ್ನು ಹುಡುಕಿಕೊಂಡು ಶಿಬಿರಕ್ಕೆ ಹೋಗಬೇಕಾಗಿರಲಿಲ್ಲ.

ಎಡ್ಡಿ ರಾಬಿನ್ಸನ್ 1919ರಲ್ಲಿ ಲೂಸಿಯಾನದ ಜ್ಯಾಕ್ಸನ್ ಎಂಬಲ್ಲಿ ಹುಟ್ಟಿದವರು. ಅಪ್ಪ ಬಿಳಿಯರ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು, ಅಮ್ಮ ಮನೆಗೆಲಸದವಳು. ಪದವಿ ಮುಗಿಸಿದ ಮೇಲೂ ರಾಬಿನ್ಸನ್ ಬ್ಯಾಟನ್ ರೂಜ್‌ನ ದನದ ಹಿಂಡಿಯ ಗಿರಣಿಯಲ್ಲಿ ಗಂಟೆಗೆ 25 ಸೆಂಟಿಗೆ ದುಡಿಯುತ್ತಿದ್ದರು. 1941ರಲ್ಲಿ ಉತ್ತರ ಲೂಸಿಯಾನದ ಕಪ್ಪುಜನರ ಸಣ್ಣ ಕಾಲೇಜೊಂದು ಕೋಚ್ ಬೇಕೆಂದು ಕರೆಯಿತು. ತಿಂಗಳಿಗೆ 63 ಡಾಲರ್ 75 ಸೆಂಟ್ ಸಂಬಳ. ಕಾಲೇಜಿನ ಹೆಸರು ಲೂಸಿಯಾನ ನೀಗ್ರೊ ನಾರ್ಮಲ್ ಅಂಡ್ ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್. ಅಭಿಮಾನಿಗಳು ಆ ಹೆಸರನ್ನು ಕೂಗಿ ಮುಗಿಸುವಷ್ಟರಲ್ಲಿ ಎದುರಾಳಿ ಅಂಕ ಗಳಿಸಿರುತ್ತಿದ್ದ ಎಂಬ ತಮಾಷೆ ಇತ್ತು. 1946ರಲ್ಲಿ ಅದು ಗ್ರ್ಯಾಂಬ್ಲಿಂಗ್ ಕಾಲೇಜ್ ಆಯಿತು. ಅಧ್ಯಕ್ಷ ರಾಲ್ಫ್ ವಾಲ್ಡೊ ಎಮರ್ಸನ್ ಜೋನ್ಸ್ ಅವರೇ ಬೇಸ್‌ಬಾಲ್ ಕೋಚ್ ಕೂಡ ಆಗಿದ್ದರೆಂದರೆ ಅಲ್ಲಿಯ ಬಡತನ ತಿಳಿದೀತು.

ರಾಬಿನ್ಸನ್ ಮೈದಾನದ ಹುಲ್ಲು ಕತ್ತರಿಸಿದರು, ಸುಣ್ಣದ ಗೆರೆ ಎಳೆದರು, ಪೆಟ್ಟಾದವರಿಗೆ ಪಟ್ಟಿ ಕಟ್ಟಿದರು, ಪಂದ್ಯ ಮುಗಿದ ಮೇಲೆ ಪತ್ರಿಕೆಗೆ ವರದಿಯನ್ನೂ ಬರೆದರು. ಮೊದಲ ವರ್ಷ ಮೂರು ಗೆಲುವು, ಐದು ಸೋಲು. ಮರುವರ್ಷ ಒಂಬತ್ತಕ್ಕೆ ಒಂಬತ್ತೂ ಗೆಲುವು, ಎದುರಾಳಿಗಳಿಗೆ ಒಂದು ಅಂಕವೂ ಇಲ್ಲ! ಅಷ್ಟರಲ್ಲಿ ಯುದ್ಧ ಬಂದು ಕಾಲೇಜಿನ ಆಟ ನಿಂತಿತು. ಅವರು ಊರಿನ ಹೈಸ್ಕೂಲಿನ ಹುಡುಗರಿಗೆ ಕಲಿಸತೊಡಗಿದರು. ಹತ್ತಿ ಬಿಡಿಸುವ ಕಾಲಕ್ಕೆ ಒಬ್ಬ ರೈತ ತನ್ನ ಮಕ್ಕಳನ್ನು ತಂಡದಿಂದ ಬಿಡಿಸಿಕೊಂಡು ಹೋದ. ರಾಬಿನ್ಸನ್ ಅವನೊಡನೆ ವಾದ ಮಾಡಲಿಲ್ಲ, ಇಡೀ ತಂಡವನ್ನು ಹೊಲಕ್ಕೆ ಕರೆದೊಯ್ದು ಹತ್ತಿ ಬಿಡಿಸಿಕೊಟ್ಟರು. ಮಕ್ಕಳು ಆಟಕ್ಕೆ ಮರಳಿದರು.

ಆಗಿನ ದಕ್ಷಿಣದಲ್ಲಿ ದೂರದ ಪಂದ್ಯಕ್ಕೆ ಹೊರಟ ಕಪ್ಪು ತಂಡಕ್ಕೆ ದಾರಿಯ ಹೋಟೆಲುಗಳಲ್ಲಿ ಊಟ ಸಿಗುತ್ತಿರಲಿಲ್ಲ. ಹಾಗಾಗಿ ಬಸ್ಸಿನಲ್ಲಿ ಸ್ಯಾಂಡ್‌ವಿಚ್ ತುಂಬಿಕೊಂಡೇ ಹೊರಡುತ್ತಿದ್ದರು. ಆದರೂ ಪ್ರಯಾಣದಲ್ಲಿ ಎಲ್ಲರೂ ಕೋಟು ತೊಟ್ಟು ಟೈ ಕಟ್ಟಿರಬೇಕು. ಟೈ ಗಂಟು ಹಾಕುವುದನ್ನು, ಮೇಜಿನ ಮುಂದೆ ಕುಳಿತು ಊಟ ಮಾಡುವ ರೀತಿಯನ್ನು ಕೋಚ್ ಖುದ್ದು ಕಲಿಸುತ್ತಿದ್ದರು. ಒಳಗೆ ಬಿಡದ ಹೋಟೆಲಿನ ಊಟದ ಶಿಷ್ಟಾಚಾರವನ್ನು ಬಸ್ಸಿನಲ್ಲಿ ಸ್ಯಾಂಡ್‌ವಿಚ್ ತಿನ್ನುವವರು ಏಕೆ ಕಲಿಯಬೇಕು? ಬಾಗಿಲು ಒಂದಲ್ಲ ಒಂದು ದಿನ ತೆರೆದೇ ತೆರೆಯುತ್ತದೆ, ಆ ದಿನ ನನ್ನ ಹುಡುಗರು ತಡವರಿಸಬಾರದು ಎಂಬುದು ರಾಬಿನ್ಸನ್ ಲೆಕ್ಕ. ಬೆಳಗಿನ ಆರೂವರೆಗೆ ಹಾಸ್ಟೆಲಿನ ಪಡಸಾಲೆಯಲ್ಲಿ ಹಸುವಿನ ಕೊರಳ ಗಂಟೆ ಬಾರಿಸುತ್ತಾ ಅವರು ನಡೆದು ಹೋಗುತ್ತಿದ್ದರು. ಅದು ಆಟಕ್ಕಲ್ಲ, ತರಗತಿಗೆ ಎಬ್ಬಿಸುವ ಗಂಟೆ. ಪ್ರಸಿದ್ಧರಾದ ಮೇಲೂ ಅದನ್ನು ಸಹಾಯಕರ ಕೈಗೆ ಕೊಡಲಿಲ್ಲ.

ತಂಡದ ಸಂಸ್ಕೃತಿ ಎಂದು ಈಗ ದೊಡ್ಡ ದೊಡ್ಡ ಭಾಷಣಗಳು ನಡೆಯುತ್ತವೆ. ಗ್ರ್ಯಾಂಬ್ಲಿಂಗ್‌ನಲ್ಲಿ ಅದು ಗಂಟೆ, ಟೈ, ಹತ್ತಿ ಹೊಲ ಮತ್ತು ಸ್ಯಾಂಡ್‌ವಿಚ್. ಯಾರೂ ನೋಡದ ಹೊತ್ತಿನಲ್ಲಿ ಕೋಚ್ ಏನು ಮಾಡುತ್ತಾನೆ ಎಂಬುದನ್ನು ಹುಡುಗರು ನೋಡಿಯೇ ನೋಡುತ್ತಾರೆ.

1949ರಲ್ಲಿ ರಾಬಿನ್ಸನ್ ಶಿಷ್ಯ ಪಾಲ್ 'ಟ್ಯಾಂಕ್' ಯಂಗರ್ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡ ಸೇರಿದರು. ಕಪ್ಪುಜನರ ಕಾಲೇಜಿನಿಂದ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿಗೆ ಹೋದ ಮೊದಲಿಗರು ಅವರೇ. ನೀನು ಸೋತರೆ ನಮ್ಮಲ್ಲಿಯ ಅತ್ಯುತ್ತಮನೇ ಸೋತ ಎನ್ನುತ್ತಾರೆ, ಮುಂದಿನವನಿಗೆ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ ಎಂದು ರಾಬಿನ್ಸನ್ ಯಂಗರ್ ಅವರನ್ನು ಎಚ್ಚರಿಸಿ ಕಳಿಸಿದ್ದರು. ಯಂಗರ್ ಹತ್ತು ವರ್ಷ ಆಡಿದರು. ಅವರ ಹಿಂದೆ ಇನ್ನೂರಕ್ಕೂ ಹೆಚ್ಚು ಮಂದಿ ಅದೇ ದಾರಿ ಹಿಡಿದರು. ತಂಡದ ಮಿದುಳೆನಿಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಮಾತ್ರ ಕಪ್ಪು ಆಟಗಾರರು ತಕ್ಕವರಲ್ಲ ಎಂಬ ಪೂರ್ವಗ್ರಹ ಉಳಿದೇ ಇತ್ತು. ರಾಬಿನ್ಸನ್ ಅದಕ್ಕೂ ಹುಡುಗರನ್ನು ತಯಾರು ಮಾಡಿದರು. 1969ರಲ್ಲಿ ಜೇಮ್ಸ್ ಹ್ಯಾರಿಸ್ ಬಫೆಲೊ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಋತುವಿನ ಮೊದಲ ಪಂದ್ಯದಲ್ಲೇ ಇಳಿದರು. ಆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ, 1988ರ ಜನವರಿ 31ರಂದು, ಡಗ್ ವಿಲಿಯಮ್ಸ್ ವಾಷಿಂಗ್ಟನ್ ತಂಡವನ್ನು 42-10ರಿಂದ ಗೆಲ್ಲಿಸಿ ಪಂದ್ಯದ ಶ್ರೇಷ್ಠ ಆಟಗಾರರಾದರು.

ಬಾಗಿಲು ತೆರೆದದ್ದರಿಂದ ಗ್ರ್ಯಾಂಬ್ಲಿಂಗ್‌ಗೆ ನಷ್ಟವೂ ಆಯಿತು. ಬ್ರಯಂಟ್ ಅವರ ಅಲಬಾಮಾ ತಂಡದಲ್ಲಿ 1971ರವರೆಗೆ ಒಬ್ಬ ಕಪ್ಪು ಆಟಗಾರನೂ ಮೈದಾನಕ್ಕಿಳಿದಿರಲಿಲ್ಲ. ದಕ್ಷಿಣದ ಶ್ರೀಮಂತ ವಿಶ್ವವಿದ್ಯಾಲಯಗಳು ಒಂದೊಂದಾಗಿ ಅವರನ್ನು ಸೇರಿಸಿಕೊಳ್ಳತೊಡಗಿದಂತೆ, ಹಿಂದೆ ರಾಬಿನ್ಸನ್ ಬಳಿ ಬರುತ್ತಿದ್ದ ಹುಡುಗರು ಅತ್ತ ಹೋದರು. ರಾಬಿನ್ಸನ್ ಅವರ ಕೊನೆಯ ಮೂರು ಋತುಗಳಲ್ಲಿ ಸೋಲೇ ಹೆಚ್ಚು. ಕಾಲೇಜು ಕ್ರೀಡಾ ಮಂಡಳಿಯ ವಿಚಾರಣೆಯೂ ಕೊನೆಗಾಲದಲ್ಲಿ ಎದುರಾಯಿತು. 1997ರಲ್ಲಿ 408 ಗೆಲುವಿನೊಂದಿಗೆ ಅವರು ನಿಂತರು. ಅವರ ಜಾಗಕ್ಕೆ ಬಂದವರು ಡಗ್ ವಿಲಿಯಮ್ಸ್.

ಆ 408ರ ಅಂಕಿಯನ್ನು ದೊಡ್ಡ ವಿಶ್ವವಿದ್ಯಾಲಯಗಳ ಮೇಲಿನ ವಿಭಾಗದಲ್ಲಿ ದಾಟಿದವರು ಪೆನ್ ಸ್ಟೇಟ್‌ನ ಜೋ ಪಟರ್ನೊ. ಓದು ಮತ್ತು ಆಟ ಎರಡನ್ನೂ ಒಟ್ಟಿಗೆ ಎತ್ತರಕ್ಕೆ ಒಯ್ಯುವೆನೆಂದು ಹೊರಟು, ಅದನ್ನು ಬಹುಮಟ್ಟಿಗೆ ಸಾಧಿಸಿಯೂ ತೋರಿಸಿದ್ದರು. 2011ರ ಅಕ್ಟೋಬರ್ 29ರಂದು 409ನೇ ಗೆಲುವು ಬಂತು. ಒಂದೇ ವಾರಕ್ಕೆ ಅವರ ಹಳೆಯ ಸಹಾಯಕ ಕೋಚ್ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಬಂಧಿತರಾದರು. ಮರುವರ್ಷ ಆರೋಪ ಸಾಬೀತೂ ಆಯಿತು. 2001ರಲ್ಲೇ ಕಿರಿಯ ಸಹೋದ್ಯೋಗಿಯೊಬ್ಬರು ಬಂದು ಹೇಳಿದ್ದನ್ನು ಪಟರ್ನೊ ಮೇಲಿನವರಿಗೆ ತಿಳಿಸಿ ಸುಮ್ಮನಾಗಿದ್ದರು, ಪೊಲೀಸರ ಬಳಿ ಹೋಗಿರಲಿಲ್ಲ. ನವೆಂಬರ್ 9ರಂದು ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿತು. ಅವರ ಪಟ್ಟಿಯಿಂದ 111 ಗೆಲುವುಗಳನ್ನು ಮಂಡಳಿ 2012ರಲ್ಲಿ ಅಳಿಸಿ, 2015ರಲ್ಲಿ ಮತ್ತೆ ಸೇರಿಸಿತು. ಒಳ್ಳೆಯ ನಡತೆಯ ತಂಡ ಎಂಬ ಹೆಸರನ್ನು ಕಾಪಾಡುವ ಹಟವೇ ಬಾಯಿ ಕಟ್ಟಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಈ ಆಟದ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಗಲಾರ್ಡಿಯವರತ್ತ ಬರೋಣ. ಕೊಲೊರಾಡೊದ ಟ್ರಿನಿಡಾಡ್‌ನಲ್ಲಿ ಹೈಸ್ಕೂಲು ಓದುತ್ತಿದ್ದಾಗ, 1943ರಲ್ಲಿ, ಅವರ ಕೋಚ್ ಯುದ್ಧಕ್ಕೆ ಹೋಗಬೇಕಾಯಿತು. ಹದಿನಾರರ ಗಲಾರ್ಡಿಯೇ ತಂಡದ ಕೋಚ್ ಆದರು. ಮೊದಲು ಮಾಡಿದ ಕೆಲಸ, ಆಟಗಾರನಾಗಿ ತಮಗೆ ಬೇಸರ ತಂದಿದ್ದನ್ನೆಲ್ಲ ಕೈಬಿಟ್ಟದ್ದು. 1953ರಲ್ಲಿ ಮಿನ್ನೆಸೋಟದ ಬೆನೆಡಿಕ್ಟೈನ್ ಸನ್ಯಾಸಿಗಳ ಸೇಂಟ್ ಜಾನ್ಸ್ ಕಾಲೇಜಿಗೆ ಬಂದು ಅರವತ್ತು ಋತು ಅಲ್ಲೇ ಇದ್ದರು. ಸೀಟಿ ಊದುವಂತಿಲ್ಲ. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡಹುವಂತಿಲ್ಲ. ತಂಡಕ್ಕೆ ಬಂದ ಯಾರನ್ನೂ ವಾಪಸು ಕಳಿಸುವಂತಿಲ್ಲ. ತೊಂಬತ್ತು ನಿಮಿಷ ಮೀರಿ ಅಭ್ಯಾಸವಿಲ್ಲ. ಅವರನ್ನು 'ಕೋಚ್' ಎನ್ನಬಾರದು, 'ಜಾನ್' ಎನ್ನಬೇಕು. ನೆಲದ ಮೇಲೆ ಅಂಗಾತ ಮಲಗಿ, ಈ ದಿನ ಎಷ್ಟು ಚೆನ್ನಾಗಿದೆ ಎಂದು ಪಕ್ಕದವನಿಗೆ ಹೇಳುವುದೇ ಅವರ ಒಂದು ಕಸರತ್ತು. ಜಂಕ್ಷನ್‌ನಿಂದ ಬದುಕಿ ಬಂದವರು ಇದನ್ನು ನೋಡಿದ್ದರೆ ನಂಬುತ್ತಿರಲಿಲ್ಲ.

2012ರಲ್ಲಿ ನಿವೃತ್ತರಾದಾಗ ಅವರ ಲೆಕ್ಕ 489 ಗೆಲುವು, 138 ಸೋಲು, 11 ಸಮ. ಸಣ್ಣ ಕಾಲೇಜುಗಳ ನಡುವೆ ಗೆದ್ದದ್ದು, ಅಲಬಾಮಾದಂಥವರ ಎದುರು ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ತಲೆಗೆ ಬೀಳುವ ಪೆಟ್ಟುಗಳು ಮಿದುಳಿಗೆ ಮಾಡುವ ಹಾನಿಯ ಬಗ್ಗೆ ವೈದ್ಯರು ಗಟ್ಟಿಯಾಗಿ ಮಾತಾಡತೊಡಗಿದ ಮೇಲೆ ಅವರ ದಾರಿ ಅಷ್ಟೊಂದು ವಿಚಿತ್ರವಾಗಿ ಕಾಣಲಿಲ್ಲ. 2010ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವನ್ಸ್ ಅಭ್ಯಾಸದಲ್ಲಿ ಕೆಡಹುವುದನ್ನು ನಿಲ್ಲಿಸಿದರು, ಮುಂದೆ ಆಟಗಾರರು ಡಿಕ್ಕಿ ಹೊಡೆಯಲು ಯಂತ್ರದ ಗೊಂಬೆಯನ್ನೂ ತಂದರು. 2016ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಐವಿ ಲೀಗಿನ ಎಂಟೂ ಕೋಚ್‌ಗಳು, ಋತುವಿನ ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡಹುವುದು ಬೇಡ ಎಂದು ಒಮ್ಮತದಿಂದ ತೀರ್ಮಾನಿಸಿದರು.