ಡೀಸೆಲ್ ಕಾರಿನ ಬ್ರೇಕಿಗೆ ನಿರ್ವಾತ ಎಲ್ಲಿಂದ?

ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿದರೆ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ತಾನಾಗಿ ಹುಟ್ಟುತ್ತದೆ. ಡೀಸೆಲ್ಲಿಗೆ ಆ ತಡೆಯಿಲ್ಲ. ವೇಗವೆಲ್ಲ ಇಂಧನದ ಅಳತೆಯಲ್ಲಿ. ಹಾಗಾಗಿಯೇ 1976ರಲ್ಲಿ ಬಂದ ಮರ್ಸಿಡಿಸ್-ಬೆಂಜ್ ಡಬ್ಲ್ಯು123 ಸರಣಿಯ 300ಡಿ ಕಾರಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕಾಯಿತು. ಬ್ರೇಕ್ ಪೆಡಲ್ ಒತ್ತಿದಾಗ, ಕಾಲಿನ ಬಲ ಹೆಚ್ಚಿಸುವ ಬೂಸ್ಟರಿನ ಹಿಂಬದಿಗೆ ಹೊರಗಾಳಿ ನುಗ್ಗುತ್ತದೆ, ಮುಂಬದಿಯಲ್ಲಿ ನಿರ್ವಾತವಿರುತ್ತದೆ. ನಡುವೆ 25 ಸೆಂ.ಮೀ. ವ್ಯಾಸದ ಡಯಾಫ್ರಾಮ್ ಎಂದುಕೊಳ್ಳಿ, ಚದರ ಸೆಂ.ಮೀ.ಗೆ 0.7 ಕೆ.ಜಿ. ವ್ಯತ್ಯಾಸವಿದ್ದರೂ ಸುಮಾರು 340 ಕೆ.ಜಿ. ತಳ್ಳುಬಲ! ದುಡಿಯುವುದು ವಾತಾವರಣ, ಪಂಪು ಅದಕ್ಕೆ ಜಾಗ ತೆರವು ಮಾಡಿಕೊಡುತ್ತದೆ, ಅಷ್ಟೆ.

ಪಂಪು ಕೆಟ್ಟರೆ ಬ್ರೇಕೇ ಹೋಯಿತಲ್ಲ ಎನ್ನಬಹುದು. ಹಾಗೇನಿಲ್ಲ. ಚೆಕ್ ವಾಲ್ವ್ ಹಿಡಿದಿಟ್ಟ ನಿರ್ವಾತ ಒಂದೆರಡು ಬಾರಿಗೆ ಸಾಕು. ಆಮೇಲೂ ಹೈಡ್ರಾಲಿಕ್ ಬ್ರೇಕ್ ಇದ್ದೇ ಇರುತ್ತದೆ, ಪೆಡಲ್ ಮಾತ್ರ ಕಲ್ಲಾಗುತ್ತದೆ. ವಿಚಿತ್ರವೆಂದರೆ, 300ಡಿಯ ಎಂಜಿನ್ ಆರಿಸುವುದೂ ಇದೇ ನಿರ್ವಾತದಿಂದ. ನಳಿಗೆ ಸೋರಿದರೆ ಕೀಲಿ ತೆಗೆದರೂ ಎಂಜಿನ್ ಓಡುತ್ತಲೇ ಇರಬಹುದು.